ಸಾಯಬಮ್ಮ ಎಂಬ ಮೀನನ್ನು ರದ್ದು ಮಾಡಿದವರಿಗೆ

ಜೀವಿಸಂಗ್ರಹ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಕೃಷ್ಣಾ ದಂಡೆಯಲ್ಲಿ ಮೀನು ಹಿಡಿದು ಬದುಕುವ ಒಬ್ಬ ಮರ್ಯಾದಸ್ಥ ಹೆಂಗಸಿನ ಹೆಸರನ್ನು ತಮ್ಮ ಕಚೇರಿ ಆಕೆಯನ್ನು ಕೇಳದೆಯೇ ಒಂದು ಮೀನಿಗೆ ಇಟ್ಟಿತು. ತೆಗೆಯಿರೆಂದು ಆಕೆ ಬೇಡಿಕೊಂಡಾಗ ತೆಗೆಯಲಾಗದು ಎಂದಿತು. ಆಕೆ ಹೊಂದಿಕೊಂಡ ಮೇಲೆ, ತೆಗೆದಿದ್ದೇವೆ ಎಂದು ಕಾಗದ ಕಳಿಸಿತು. ಇದೇ ನನ್ನ ತಕರಾರು. ಉರ್ದುವಿನಲ್ಲಿ ಮೂರು ಅರ್ಜಿ ಬರೆದು ನ್ಯಾಯ ಕಾಣದ್ದರಿಂದ ಈ ನಾಲ್ಕನೆಯದನ್ನು ಕನ್ನಡದಲ್ಲಿ, ಪತ್ರಿಕೆಯ ಮೂಲಕ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಫಸಲಿ ೧೩೪೬ರ, ಅಂದರೆ ಇಂಗ್ರೇಜಿ ೧೯೩೭ರ ಬೇಸಿಗೆ. ಆಗ ತಮ್ಮ ಕುರ್ಚಿಯಲ್ಲಿದ್ದ ಅಧಿಕಾರಿಗಳು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಎರಡು ಬಂಡಿ ತುಂಬ ಸೀಸೆ, ಸ್ಪಿರಿಟ್ಟು ಹೇರಿಕೊಂಡು, ಸುರಪುರ ದಾಟಿ ನಮ್ಮೂರಿಗೆ ಬಂದರು. ಹೊಸ ಮೀನು ಹುಡುಕುವುದು ಅವರ ಕೆಲಸ. ಉರ್ದು ಬಲ್ಲ ಶಾಲಾ ಮಾಸ್ತರನೆಂದು ದುಭಾಷಿಯ ಕೆಲಸ ನನಗೆ ಬಿತ್ತು. ಸಾಯಬಮ್ಮ ತನ್ನ ಬುಟ್ಟಿ ಸುರುವಿದಳು. ಎಲ್ಲವೂ ಕಲ್ಲಹಿಡಕ, ಹೊಳೆಯ ಸೆಳವಿನಲ್ಲಿ ಕಲ್ಲಿಗೆ ಅಂಟಿಕೊಂಡಿರುವ ಬೆರಳುದ್ದದ ಮೀನು. ಅಧಿಕಾರಿಗಳು ಮುಖ ಸಪ್ಪೆ ಮಾಡಿದರು. ಆಗ ಆಕೆ ಒಂದನ್ನು ಎತ್ತಿ ಹಿಡಿದಳು.

"ಇದು ಬ್ಯಾರೆ ಐತ್ರಿ. ಅವಕ್ಕ ನಾಕ ಮೀಸಿ, ಇದಕ್ಕ ಎರಡ. ನೋಡ್ರಿ ಬೇಕಾದ್ರ."

ಅಧಿಕಾರಿಗಳು ಭೂತಗನ್ನಡಿ ಹಿಡಿದು ನೋಡಿದರು. ಮೀಸೆ ಎರಡೇ! ಅವರು ಕುಣಿಯುವುದೊಂದು ಬಾಕಿ. ಅದೇ ಖುಷಿಯ ಗಳಿಗೆಯೆಂದು ನಾನು ಶಾಲೆಯ ಸೋರುವ ಮಾಳಿಗೆಯ ಸಂಗತಿ ಅವರ ಕಿವಿಗೆ ಹಾಕಲು ಹೋದೆ. ಅಷ್ಟರಲ್ಲಿ ಅವರ ಗುಮಾಸ್ತ ಮೀನಿನ ಕಡೆ ಬೆರಳು ತೋರಿಸಿ, "ನಾಮ್ ಕ್ಯಾ ಹೈ?" ಎಂದು ಕೇಳಿದ. ಸರಕಾರದವರು ಕೇಳಿದ ಮೇಲೆ ತನ್ನ ಹೆಸರನ್ನೇ ಕೇಳಿದರೆಂದು ಆಕೆ ತಿಳಿದಳು. "ಸಾಯಬಮ್ಮರಿ" ಎಂದಳು. ಆತ ಚೀಟಿಯಲ್ಲಿ ಬರೆದು ಸೀಸೆಗೆ ಅಂಟಿಸಿದ. ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಒಬ್ಬ ದುಭಾಷಿ ಬೆನ್ನು ತಿರುಗಿಸಿದ್ದಕ್ಕೆ ಜಗತ್ತಿನ ವಿದ್ವಾಂಸರೆಲ್ಲ ಮೋಸಹೋಗುವಂಥ ಪದ್ಧತಿ ಎಂಥದ್ದು?

ಒಂದು ವರ್ಷದ ಮೇಲೆ ಅಚ್ಚಾದ ಪುಸ್ತಿಕೆ ಬಂತು. ಮೀನಿಗೆ ಎರಡು ಹೆಸರು. ಮೊದಲನೆಯದು ಕುಲದ್ದು, ನನ್ನ ನಾಲಿಗೆಗೆ ಹೊರಳದು. ಎರಡನೆಯದು ಸಾಯಬಮ್ಮ, "ಸ್ಥಳೀಯರು ಹೀಗೆ ಕರೆಯುವರು" ಎಂಬ ವಿವರಣೆ ಬೇರೆ. ನಾನು ಬುದ್ಧಿಯಿಲ್ಲದೆ ಅದನ್ನು ಕಟ್ಟೆಯ ಮೇಲೆ ಕನ್ನಡ ಮಾಡಿ ಓದಿದೆ: "ಸಾಯಬಮ್ಮ. ತಲೆ ಚಪ್ಪಟೆ. ಬಾಯಿ ಬಲು ಅಗಲ. ತುಟಿ ದಪ್ಪ."

"ಯಾಂವರಿ ಅಂವ, ನನ್ನ ಬಾಯಿ ಅಳತಿ ಮಾಡಿದಾಂವ?" ಎಂದು ಆಕೆ ಎದ್ದು ನಿಂತಳು.

ಮುಂದಿನ ಸುರಪುರ ಸಂತೆಯಲ್ಲಿ ಪಕ್ಕದಲ್ಲಿ ಕೂರುವ ಗೊಲ್ಲಾಳಮ್ಮ, "ಬರ್ರಿ, ಸಾಯಬಮ್ಮನ್ನ ಒಯ್ರಿ! ಹುರದ್ರ ಭಾಳ ರುಚಿ!" ಎಂದು ಕೂಗಿದಳು. ಸಾಯಬಮ್ಮ ಬುಟ್ಟಿ ಎತ್ತಿಕೊಂಡು ಎದ್ದು ಬಂದುಬಿಟ್ಟಳು. ಹೆಸರು ಬದಲಿಸಿರೆಂದು ಅರ್ಜಿ ಬರೆದೆವು. ಒಮ್ಮೆ ಅಚ್ಚಾದ ಹೆಸರನ್ನು ಯಾರಿಗೋ ಬೇಸರವಾಯಿತೆಂದು ಬದಲಿಸುವಂತಿಲ್ಲ, ಇದು ಜಗತ್ತಿನ ವಿದ್ವಾಂಸರ ನಿಯಮ, ಎಂದು ಕಚೇರಿಯಿಂದ ಉತ್ತರ. ಓದಿ ಹೇಳಿದೆ.

"ಅಂದ್ರ ನಾ ಸತ್ತ ಮ್ಯಾಲೂ ಇರತೈತೇನ್ರಿ?"

"ಹೌದ್ ಸಾಯಬಮ್ಮಕ್ಕ. ಪುಸ್ತಕ ಇರೋತನಕ."

ಆಕೆಗೆ ಮಕ್ಕಳಿಲ್ಲ. "ಹಂಗಾದ್ರ ಬಾಯಿ ಅಗಲ ಇದ್ರ ಇರಲಿ ಬಿಡ್ರಿ" ಎಂದಳು. ಅಂದಿನಿಂದ ಎರಡು ಮೀಸೆಯ ಮೀನು ಬಲೆಗೆ ಬಿದ್ದರೆ ನೀರಿಗೆ ಬಿಡತೊಡಗಿದಳು. ತನ್ನ ಹೆಸರು ಪುಸ್ತಕ ಸೇರಿತೆಂದು ಕೊಂಕಲ್ಲಿನಲ್ಲಿರುವ ತಂಗಿಗೆ ನನ್ನ ಕೈಯಿಂದ ಪತ್ರವನ್ನೂ ಬರೆಸಿದಳು.

ಅಷ್ಟರಲ್ಲಿ ಕುರ್ಚಿಗೆ ತಾವು ಬಂದಿರಿ. ಈ ಮೀನನ್ನು ಎಪ್ಪತ್ತು ವರ್ಷದ ಹಿಂದೆಯೇ ಒಬ್ಬ ಇಂಗ್ರೇಜಿ ದೊರೆ ಬಣ್ಣಿಸಿ ಹೆಸರಿಟ್ಟಿದ್ದಾನೆ, ಮೊದಲಿಟ್ಟ ಹೆಸರೇ ಖಾಯಂ, ಆದ್ದರಿಂದ ಸಾಯಬಮ್ಮ ರದ್ದು ಎಂದಿರಿ. ದೊರೆಯ ಮೀನಿಗೆ ನಾಲ್ಕು ಮೀಸೆಯಲ್ಲವೇ ಎಂದು ಬರೆದರೆ, "ಸೀಸೆಯಲ್ಲಿರುವ ನಮೂನೆಯ ಎರಡು ಮೀಸೆ ಸ್ಪಿರಿಟ್ಟಿನಲ್ಲಿ ಉದುರಿರಬಹುದು" ಎಂದಿರಿ. ಅದೊಂದೇ ತಮ್ಮಿಂದ ನನಗೆ ಬಂದ ಉತ್ತರ. ಅದನ್ನು ಕೇಳಿ ಸಾಯಬಮ್ಮ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ:

"ಸಾರಾಯಿದಾಗ ಬಿದ್ರ ಮೀಸಿ ಉದುರೋದಾದ್ರ, ನಮ್ಮೂರಾಗ ಒಬ್ಬ ಗಂಡಸಿಗೂ ಮೀಸಿ ಇರತಿರಲಿಲ್ಲರಿ!"

ಕಳೆದ ತಿಂಗಳು ಎರಡೂ ಜಾತಿಯ ಮೀನನ್ನು ಜೀವಂತ ಹಿಡಿದು, ಅಗಲ ಬಾಯಿಯ ಮಡಕೆಯಲ್ಲಿಟ್ಟುಕೊಂಡು, ಬಂಡಿಯಲ್ಲಿ ಯಾದಗಿರಿಗೆ, ಅಲ್ಲಿಂದ ರೈಲಿನಲ್ಲಿ ತಮ್ಮ ಕಚೇರಿಗೆ ಬಂದೆವು. ಮೀನಿಗೆ ಉಸಿರು ಸಿಗಲೆಂದು ಆಕೆ ದಾರಿಯುದ್ದಕ್ಕೂ ಬೊಗಸೆಯಿಂದ ನೀರು ಎತ್ತಿ ಎತ್ತಿ ಹೊಯ್ಯುತ್ತಿದ್ದಳು. ಬಾಗಿಲ ಜವಾನ ಯಾಕೂಬಸಾಬ ಮಡಕೆಗೆ ಬಗ್ಗಿ, ಕನ್ನಡಕ ಒರೆಸಿಕೊಂಡು ಎಣಿಸಿದ. "ಇದಕ್ಕ ನಾಕ... ಇದಕ್ಕ ಎರಡ. ಖರೇ ಐತಲ್ಲವಾ!" ಎಂದ. ತಮ್ಮ ಇಲಾಖೆಯಲ್ಲಿ ಆ ಮೀನನ್ನು ಕಣ್ಣಿಟ್ಟು ನೋಡಿದವನು ಆತನೊಬ್ಬನೇ. ತಾವು ಹೊರಬಂದಿರಿ. ಜೀವಂತ ಮೀನು ದಾಖಲೆಯಾಗುವುದಿಲ್ಲ, ಸೀಸೆಗೆ ಹಾಕಿಕೊಟ್ಟು ಹೋಗಿ ಎಂದಿರಿ.

ಸಾಯಬಮ್ಮ ಮಡಕೆಯನ್ನು ಸೊಂಟಕ್ಕೆ ಅವುಚಿಕೊಂಡಳು. "ಸೀಸಾದಾಗ ಹಾಕಿದ್ರ ಮತ್ತ ಉದುರ್ಯಾವ ಅಂತೀರಿ. ಇಲ್ಲೇ ಎಣಸ್ರಿ."

ನಾನು ಅದನ್ನು ಆದಷ್ಟು ಮೆತ್ತಗೆ ಉರ್ದು ಮಾಡಿದೆ. ತಾವು ಗಡಿಯಾರ ನೋಡಿ ಒಳಹೋದಿರಿ.

ಮರಳುವಾಗ ಬಂಡಿಯಲ್ಲಿ ಆಕೆ ಕೇಳಿದಳು: "ಮಾಸ್ತರ್ರ, ಅವರಿಗಿ ಎಣಸಾಕ ಬರಂಗಿಲ್ಲೇನ್ರಿ?" ಎಣಿಕೆ ಕಲಿಸುವ ಉದ್ಯೋಗ ನನ್ನದು, ಸ್ವಾಮಿ. ಊರು ಮುಟ್ಟಿದೊಡನೆ ಆಕೆ ಮೊಣಕಾಲುದ್ದ ನೀರಿಗೆ ಇಳಿದು ಮಡಕೆಯನ್ನು ಕಲ್ಲಿನ ಬುಡದಲ್ಲಿ ಮೆಲ್ಲಗೆ ಬಗ್ಗಿಸಿದಳು. ಎರಡೂ ಬದುಕಿದ್ದವು.

ನಮ್ಮ ಬೇಡಿಕೆ ದೊಡ್ಡದಲ್ಲ. ಮಳೆ ಬಿದ್ದು ಹೊಳೆ ಕೆಂಪಾಗುವ ಮೊದಲು ತಾವೇ ಭೂತಗನ್ನಡಿ ಹಿಡಿದು ಬನ್ನಿ. ಅಲ್ಲಿಯವರೆಗೆ ರದ್ದತಿಯನ್ನು ಅಚ್ಚಿಗೆ ಕಳಿಸಬೇಡಿ. ತಮ್ಮ ತೀರ್ಪು ನಮಗೆ ವಿರುದ್ಧವಾದರೆ ಏನು ಮಾಡುತ್ತೀ ಎಂದು ಆಕೆಯನ್ನು ಕೇಳಿದೆ. ಉತ್ತರವನ್ನು ತಮಗೆ ಮುಟ್ಟಿಸಲು ಹೇಳಿದ್ದಾಳೆ:

"ಎಣಿಸಿ ಇಲ್ಲ ಅಂದ್ರ ಒಪ್ಪತೀನಿ. ಎಣಸದ ಇಲ್ಲ ಅಂದ್ರ ಒಪ್ಪಂಗಿಲ್ಲ."

ಇಂತಿ,
ತಮ್ಮಿಂದ ಉತ್ತರ ತರಿಸುವ ತನಕ ಸಾಯಬಮ್ಮನ ಕೈಯಿಂದ ಒಂದು ಮೀನೂ ಸಿಗದ
ಹುಲಗಪ್ಪ ಮಾಸ್ತರ
ಸುರಪುರ ತಾಲೂಕು