ಕೆಂಪಾಗದ ದಾರ

ಉರಿಮಾಸ ಕಳೆದ ಮೂರನೆಯ ದಿನ, ತಂಪುಮನೆಯ ನೂರಾ ಎಂಟನೆಯ ವರ್ಷ.
ಹಿಂದಿನವರ ಎಣಿಕೆಯಲ್ಲಿ ಇಸವಿ ಎರಡು ಸಾವಿರದ ನೂರಾ ಎಂಬತ್ತೇಳು.
ಮೆಣಸಿನಕೊಪ್ಪ.

ನನ್ನ ಮೊಮ್ಮಗಳ ಮೊಮ್ಮಗಳಿಗೆ, ಫಕೀರವ್ವನ ಆಶೀರ್ವಾದ.

ಈ ಪತ್ರದ ಕೆಲವು ಮಾತು ನಿನಗೆ ತಿಳಿಯದೆ ಹೋದರೆ ಮನ್ನಿಸು. ನನ್ನ ಅಜ್ಜಿಯ ಅಜ್ಜಿ ಆಡುತ್ತಿದ್ದ ಎಷ್ಟೋ ಮಾತು ನಮಗೂ ತಿಳಿಯುವುದಿಲ್ಲ. ಆಕೆಯ ಕಾಲದಲ್ಲಿ ಬೇಸಿಗೆ ರಜೆ ಎಂಬುದೊಂದು ಇತ್ತಂತೆ, ಮಕ್ಕಳು ಮಟಮಟ ಮಧ್ಯಾಹ್ನ ಬಯಲಲ್ಲಿ ಚಿಣ್ಣಿಕೋಲು ಆಡುತ್ತಿದ್ದರಂತೆ. ಅದನ್ನು ಕೇಳಿ ನಾವು ನಗುತ್ತಿದ್ದೆವು. ನಮ್ಮ ಉರಿಮಾಸದ ಹೆಸರು ಕೇಳಿ ನೀನೂ ನಗಬಹುದು. ಇಲ್ಲವೇ ನಿನ್ನ ಕಾಲಕ್ಕೆ ಅದು ಎರಡು ತಿಂಗಳಾಗಿರಬಹುದು. ಚೈತ್ರಕ್ಕೂ ವೈಶಾಖಕ್ಕೂ ನಡುವೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ನಾನು ಕಲಿತದ್ದು ಹತ್ತನೆಯ ಇಯತ್ತೆವರೆಗೆ ಮಾತ್ರ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ, ಬಂದರೂ ಬರೆಯುತ್ತಿರಲಿಲ್ಲ.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ. ನೀನು ಇದನ್ನು ಓದುವ ಹೊತ್ತಿಗೆ ಯಂತ್ರದ ಮನೆಯ ಬೀಗದ ಕೈ ನಮ್ಮ ಮನೆತನದಲ್ಲಿ ಇರುವುದಿಲ್ಲ. ನಾಲ್ಕು ತಲೆಮಾರು ನಮ್ಮ ಹೆಣ್ಣುಮಕ್ಕಳ ನಡುವಿನಲ್ಲಿ ತೂಗಿದ ಕೈ ಅದು. ನಿನಗೆ ಬರಬೇಕಾಗಿತ್ತು. ನಿನ್ನಿಂದ ಕಿತ್ತುಕೊಂಡವಳು ನಾನು. ಊರವರು ನಿನಗೆ ಬೇರೆ ಕಥೆ ಹೇಳಿರುತ್ತಾರೆ, ಮುದುಕಿಗೆ ಮಗಳ ಹೆಸರು ದೊಡ್ಡದಾದದ್ದು ಸಹಿಸಲಾಗಲಿಲ್ಲ ಎಂದು. ಹಾಡು ಕೂಡ ಕಟ್ಟಿದ್ದಾರೆ. ಹಾಡಿನಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ.

ತಂಪುಮನೆಯನ್ನು ಕಟ್ಟಿದವರು ಮೆಣಸಿನಕಾಯಿ ಚೀಲ ಇಡಲೆಂದು ಕಟ್ಟಿದರು. ಈಗಲೂ ಒಳಗಿನ ಗೋಡೆ ಒದ್ದೆಯಾದರೆ ಸೀನು ಬರುತ್ತದೆ. ಮೆಣಸಿನಕಾಯಿಯ ಕಾಲ ಮುಗಿದು, ಉರಿಯ ಕಾಲ ಬಂದ ಮೇಲೆ, ಅದೇ ಕೋಣೆಗಳಲ್ಲಿ ನಾವು ಬಿತ್ತನೆಯ ಬೀಜ ಇಟ್ಟೆವು, ಮದ್ದು ಇಟ್ಟೆವು, ಕೊನೆಗೆ ಕೂಸುಗಳನ್ನೂ ಇಟ್ಟೆವು. ಉರಿಮಾಸದಲ್ಲಿ ಹೊತ್ತು ನೆತ್ತಿಗೇರುವ ಮೊದಲೇ ಊರಿಗೆ ಊರೇ ಕದ ಹಾಕಿಕೊಳ್ಳುತ್ತದೆ. ಅದನ್ನು ಮುಚ್ಚುಹೊತ್ತು ಎನ್ನುತ್ತೇವೆ. ಸಂತೆ ನಸುಕಿನಲ್ಲೇ ನೆರೆದು ನಸುಕಿನಲ್ಲೇ ಕರಗುತ್ತದೆ. ರೊಟ್ಟಿಗೆ ಒಲೆ ಬೇಡ, ತಟ್ಟಿ ಮಾಳಿಗೆಯ ಕರಿಗಲ್ಲಿನ ಮೇಲೆ ಹಾಕಿದರೆ ಕಟಕಟ ಎನ್ನುವಂತೆ ಬೇಯುತ್ತದೆ. ಆ ಹೊತ್ತಿನಲ್ಲಿ ವರ್ಷ ತುಂಬದ ಕೂಸುಗಳೆಲ್ಲ ತೊಟ್ಟಿಲ ಸಮೇತ ತಂಪುಕೋಣೆಯಲ್ಲಿರುತ್ತವೆ. ಅವು ಉಸಿರಾಡುವುದು ಪಕ್ಕದ ಯಂತ್ರದ ಮನೆಯ ಎರಡು ಕಂಪ್ರೆಸರುಗಳ ಆಸರೆಯಿಂದ. ಹಿರಿಯಾಕೆ, ಕಿರಿಯಾಕೆ ಎಂದು ಅವಕ್ಕೆ ಹೆಸರು. ಅವುಗಳ ಹೊಟ್ಟೆಯಲ್ಲಿ ತಿರುಗುವುದು ಅಮೋನಿಯಾ. ಕೊಳವೆಯೊಳಗಿದ್ದರೆ ತಾಯಿ, ಹೊರಗೆ ಬಂದರೆ ಮಾರಿ.

ಆ ಎರಡನ್ನು ನೋಡಿಕೊಳ್ಳುವವಳಿಗೆ ದಾರದವ್ವ ಎನ್ನುತ್ತಾರೆ. ನಲವತ್ತು ವರ್ಷ ನಾನು ದಾರದವ್ವ. ಕೆಟ್ಟ ಮೇಲೆ ರಿಪೇರಿ ಮಾಡುವುದಕ್ಕೆ ಯಾರಾದರೂ ಸಿಗುತ್ತಾರೆ. ಚೆನ್ನಾಗಿ ಓಡುತ್ತಿರುವುದನ್ನು ನಿಲ್ಲಿಸಿ ಬಿಚ್ಚುವುದಕ್ಕೆ ಗಟ್ಟಿ ಎದೆ ಬೇಕು, ಏಕೆಂದರೆ ಅಂದು ಊರೆಲ್ಲ ನಿನ್ನನ್ನು ಬಯ್ಯುತ್ತದೆ. ದಿನವೂ ಬೆಳಗ್ಗೆ ಗಾಜಿನ ಕಣ್ಣಿನಲ್ಲಿ ಎಣ್ಣೆಯ ಮಟ್ಟ ನೋಡಬೇಕು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಬೇಕು. ಬೇರಿಂಗಿಗೆ ಕೋಲು ಆನಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳಬೇಕು: ಬೀಸುಕಲ್ಲಿನ ಸದ್ದಾದರೆ ಸರಿ, ಜಲ್ಲಿ ತುಳಿದ ಸದ್ದಾದರೆ ಸರಿಯಲ್ಲ. ಎಣ್ಣೆ ಕರ್ರಗಾಗುವ ಮೊದಲೇ ಬದಲಿಸಬೇಕು. ಸೋಸುಬಲೆ ಬಿಚ್ಚಿ ತೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಶಾಫ್ಟಿನ ಕುತ್ತಿಗೆಯ ಸೀಲು. ತಿರುಗುವ ಉಕ್ಕಿಗೂ ನಿಂತ ಉಕ್ಕಿಗೂ ನಡುವೆ ಅನಿಲವನ್ನು ತಡೆದಿಡುವ ಬಳೆ ಅದು. ಸವೆಯುವುದೇ ಅದರ ಗುಣ.

ಇನ್ನು ದಾರ. ವರ್ಷಗಟ್ಟಲೆ ಆ ಮನೆಯಲ್ಲಿ ಕೆಲಸ ಮಾಡಿದ ನಮಗೆ ಮೂಗು ಸತ್ತಿರುತ್ತದೆ. ಸಣ್ಣ ಸೋರಿಕೆ ನಮಗೆ ನಾರುವುದಿಲ್ಲ. ಅದಕ್ಕೆ ನಮ್ಮ ಹಿರಿಯರು ಅರಿಶಿನದ ದಾರ ಕಂಡುಕೊಂಡರು. ಅರಿಶಿನದಲ್ಲಿ ಅದ್ದಿದ ನೂಲನ್ನು ಒದ್ದೆ ಮಾಡಿ ಪ್ರತಿಯೊಂದು ಸಂದಿಗೂ ವಾಲ್ವಿನ ಕೊರಳಿಗೂ ಸುತ್ತುತ್ತೇವೆ. ಗೋಡೆಗೂ ಅರಿಶಿನ ಬಟ್ಟೆ ತೂಗುಹಾಕುತ್ತೇವೆ. ಅಮೋನಿಯಾ ಸೋಕಿದರೆ ಅರಿಶಿನ ಕೆಂಪಾಗುತ್ತದೆ, ಸುಣ್ಣ ಬೆರೆಸಿದ ಹಾಗೆ. ಆದ್ದರಿಂದ ದಾರದವ್ವನ ಮನೆಯ ಹೆಂಗಸರು ಕುಂಕುಮ ಇಡುವುದಿಲ್ಲ. ಕೆಂಪು ನಮಗೆ ಮಂಗಳವಲ್ಲ, ಎಚ್ಚರಿಕೆ.

ಈ ಸಲ ಉರಿಮಾಸದ ಹೊಸ್ತಿಲಲ್ಲಿ ಕಿರಿಯಾಕೆ ಬೇರಿಂಗಿಗಾಗಿ ಬಿಚ್ಚಿಕೊಂಡು ಮಲಗಿದ್ದಳು. ಹಿರಿಯಾಕೆಯೊಬ್ಬಳೇ ಓಡುತ್ತಿದ್ದಳು, ಅವಳ ಸೀಲು ಬದಲಿಸುವ ಗಡುವೂ ಬಂದಿತ್ತು. ಎರಡು ದಿನ ನಿಲ್ಲಿಸುತ್ತೇನೆ ಎಂದು ಡಂಗುರ ಹಾಕಿಸಿದೆ. ಮಂಜುಗಡ್ಡೆಯನ್ನು ಮೊದಲೇ ಕೂಡಿಟ್ಟು, ಕೂಸುಗಳನ್ನು ಕೆಳಗಿನ ಗಡ್ಡೆಕೋಣೆಗೆ ಇಳಿಸುವುದು ನಮ್ಮ ಹಳೆಯ ಕ್ರಮ. ಎಂದೂ ಕೇಡಾಗಿಲ್ಲ. ಆದರೆ ನನ್ನ ತಮ್ಮ ಅಡಿವೆಪ್ಪ, ಊರಿನ ಹಿರಿತನ ಅವನದು, ನೆರೆಯೂರಿನ ಬೀಜವನ್ನೂ ಇಡಿಸಿಕೊಳ್ಳುತ್ತೇನೆಂದು ಮಾತು ಕೊಟ್ಟು ಬಂದಿದ್ದ. ಪಡಸಾಲೆಗೆ ಬಂದು ಕೂತ.

"ಅಕ್ಕಾ, ಮಷೀನಿಗೂ ಉಪಾಸ, ಊರಿಗೂ ಉಪಾಸ ಅಂದ್ರ ಹೆಂಗ?"

"ಮಷೀನು ಉಪಾಸ ಮಾಡಿದ್ರ ಊರು ಉಣ್ತದೋ ತಮ್ಮಾ."

"ದಾರ ನೋಡಿಯೇನು? ದಾರ ಹಳದಿ ಐತಿ. ಕೆಂಪಾಗಿದ್ದು ನೀ ಒಬ್ಬಾಕೀನ!"

ಕೂತವರೆಲ್ಲ ನಕ್ಕರು. ನನ್ನ ಮಗಳು ದಾಕ್ಷಾಯಣಿ ನಗಲಿಲ್ಲ. ಆಗ ಅವಳು ಬಾಣಂತಿ. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸು ತಂಪುಕೋಣೆಯಲ್ಲಿತ್ತು. ಆ ಕೂಸೇ ನಿನ್ನ ಅಜ್ಜಿ. ನಮ್ಮ ನೇಮದಲ್ಲಿ ಒಂದು ಸಡಿಲಿಕೆ ಉಂಟು: ಗಡುವು ಬಂದರೂ ಶಾಫ್ಟಿನ ಕುತ್ತಿಗೆಯ ದಾರ ಹಳದಿಯಾಗಿಯೇ ಇದ್ದರೆ, ದಾರದವ್ವ ದಿನದಿಂದ ದಿನಕ್ಕೆ ಮುಂದೂಡಬಹುದು. ದಿನವೂ ದಾರ ಕಟ್ಟುತ್ತಿದ್ದವಳು ದಾಕ್ಷಾಯಣಿ. ದಿನವೂ ಹೋಗಿ ನೋಡುತ್ತಿದ್ದವಳು ನಾನು. ದಿನವೂ ಹಳದಿ. ಕಣ್ಣಾರೆ ಕಂಡದ್ದನ್ನು ಅಲ್ಲವೆನ್ನಲು ನನಗೆ ಕಾರಣವಿರಲಿಲ್ಲ. ಮುಂದೂಡಿದೆ.

ಉರಿಮಾಸ ಅರ್ಧ ಕಳೆದಿತ್ತು. ಮುಚ್ಚುಹೊತ್ತು. ಸೀಲು ಒಡೆಯಿತು. ಉಗಿಬಂಡಿ ಕೂಗಿದಂಥ ಸದ್ದು, ಹಿಂದೆಯೇ ಬಿಳಿ ಹೊಗೆ. ನಾವು ಹೆಂಗಸರು ತಂಪುಕೋಣೆಗೆ ನುಗ್ಗಿ, ಕೈಗೊಂದು ಕಂಕುಳಿಗೊಂದು ಕೂಸು ಎತ್ತಿಕೊಂಡು ಗಾಳಿಗೆ ಎದುರಾಗಿ ಹುಣಸೆಮರದ ಕಡೆ ಓಡಿದೆವು. ದಾಕ್ಷಾಯಣಿ ತನ್ನ ಕೂಸನ್ನೂ ಎತ್ತಲಿಲ್ಲ. ಒದ್ದೆ ಸೆರಗನ್ನು ಮುಖಕ್ಕೆ ಸುತ್ತಿಕೊಂಡು ಯಂತ್ರದ ಮನೆಗೆ ಹೋದಳು. ಮೋಟರು ನಿಲ್ಲಿಸಿ, ಕಣ್ಣು ಕಾಣದೆ ತಡವಿ ತಡವಿ ಎರಡೂ ಕಡೆಯ ವಾಲ್ವು ತಿರುಗಿಸಿ, ತೆವಳಿಕೊಂಡು ಹೊರಗೆ ಬಂದಳು. ಅವಳು ಹೋಗದಿದ್ದರೆ ಊರಿನ ಒಂದು ಓಣಿಯೇ ಉಳಿಯುತ್ತಿರಲಿಲ್ಲ. ಇದು ನಿಜ. ಹಾಡಿನಲ್ಲಿರುವ ಈ ಮಾತಿಗೆ ನಾನೂ ಸಾಕ್ಷಿ. ಕೊಡಗಟ್ಟಲೆ ನೀರು ಅವಳ ಕಣ್ಣಿಗೆ ಸುರಿದವಳೂ ನಾನೇ. ಅಮೋನಿಯಾ ಬಿದ್ದ ಕಣ್ಣಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು, ನೀರು ಸಾಕು ಎಂದು ಯಾರಾದರೂ ಅಂದರೂ ನಿಲ್ಲಿಸಬಾರದು. ಒಂದು ಕಣ್ಣು ಉಳಿಯಿತು.

ಕೂಸುಗಳೆಲ್ಲ ಉಳಿದವು. ನಮ್ಮದೂ ಉಳಿಯಿತು, ಅದೂ ಎರಡು ದಿನ ಗಡ್ಡೆಕೋಣೆಯಲ್ಲೇ.

ಗಾಳಿ ತಿಳಿಯಾದ ಮೇಲೆ ಸೀಲು ಬದಲಿಸಲು ಒಳಗೆ ಹೋದೆ. ಗೋಡೆಯ ಬಟ್ಟೆಗಳೆಲ್ಲ ಕೆಂಪು. ವಾಲ್ವಿನ ದಾರ, ಕೊಳವೆಯ ದಾರ, ಬಾಗಿಲಿನ ದಾರ ಎಲ್ಲ ಕೆಂಪು. ಮಾರಿ ಹೊರಬಿದ್ದ ಜಾಗ, ಆ ಒಡೆದ ಕುತ್ತಿಗೆ, ಅಲ್ಲಿ ಸುತ್ತಿದ ದಾರ ಮಾತ್ರ ಹೊಸ ಮದುಮಗಳ ಕಂಕಣದ ಹಾಗೆ ಹಳದಿಯಾಗಿತ್ತು. ಬಿಚ್ಚಿ ಬೆರಳಲ್ಲಿ ತಿಕ್ಕಿದೆ. ಜಾರಿತು. ಎಣ್ಣೆ ಕುಡಿದ ನೂಲಿಗೆ ನೀರೂ ಹತ್ತುವುದಿಲ್ಲ, ಅನಿಲವೂ ಹತ್ತುವುದಿಲ್ಲ. ಕುತ್ತಿಗೆಯ ಬಳಿ ಯಂತ್ರದ ಎಣ್ಣೆ ಜಿನುಗುವುದುಂಟು, ಆದ್ದರಿಂದ ಹೊಳಪು ಕಂಡರೂ ಸಂಶಯ ಬರುವುದಿಲ್ಲ. ಆದರೆ ಅದು ಯಂತ್ರದ ಎಣ್ಣೆಯಲ್ಲ. ನಾಲಗೆಗೆ ಹಚ್ಚಿ ನೋಡಿದೆ. ಕುಸುಬಿ ಎಣ್ಣೆ. ನನ್ನ ಅಡುಗೆಮನೆಯ ಗಡಿಗೆಯದು.

ಮನೆಗೆ ಬಂದು ಅವಳ ಹಾಸಿಗೆಯ ಪಕ್ಕ ನಿಂತು ಕೇಳಿದೆ.

"ಈ ದಾರಕ್ಕ ಎಣ್ಣಿ ಯಾರು ಉಣಿಸಿದ್ರು?"

"ನಾನೇ ಅವ್ವಾ."

"ನಿನ್ನ ಸೋದರಮಾವ ಹೇಳಿದ್ನೇನು?"

"ಯಾರೂ ಹೇಳಿಲ್ಲ. ದಾರ ಕೆಂಪಾಗಿತ್ತು. ನೀ ಮಷೀನು ನಿಲ್ಲಸ್ತಿದ್ದಿ. ನನ್ನ ಕೂಸು ಅಂಗೈಯಷ್ಟೈತಿ. ಗಡ್ಡೆಕೋಣ್ಯಾಗ ಎರಡು ದಿನ ಉಳೀತಿತ್ತೇನು ಅದು?"

"ನೀನೂ ಅಲ್ಲೇ ಉಳದಾಕಿ."

"ನಾ ಗುಂಡಕಲ್ಲಿನಂಥ ಕೂಸು ಅಂತ ನೀನೇ ಹೇಳ್ತಿ."

"ಮಂದಿ ಕೂಸುಗಳೂ ಇದ್ವಲ್ಲ ದಾಕ್ಷಾಯಣಿ? ಗ್ವಾಡಿ ಆಚೀಕಡೆನೇ ಇದ್ವಲ್ಲ?"

ಅದಕ್ಕೆ ಅವಳು ಗೋಡೆಯ ಕಡೆ ಹೊರಳಿದಳು.

ಇದನ್ನು ಓದುತ್ತಿರುವ ಮಗಳೇ, ನಿನ್ನ ಕರುಳು ಈಗ ಅವಳಿಗಾಗಿ ಕರಗಿರಬಹುದು. ತಾಯಿಯ ಸಂಕಟ ನನಗೂ ತಿಳಿಯುತ್ತದೆ, ನಾನೂ ಹೆತ್ತವಳು. ಅವಳು ನನ್ನ ಎದುರು ನಿಂತು ಜಗಳ ಮಾಡಬಹುದಾಗಿತ್ತು. ಯಂತ್ರದ ಮನೆಯ ಬಾಗಿಲಿಗೆ ಅಡ್ಡ ಮಲಗಬಹುದಾಗಿತ್ತು, ನಾನು ದಾಟಿ ಹೋಗುತ್ತಿದ್ದೆ, ಅದು ಬೇರೆ. ಅವಳು ಹಾಗೆ ಮಾಡಲಿಲ್ಲ. ನನ್ನ ಕಣ್ಣಿಗೆ ಏನು ಕಾಣಬೇಕೋ ಅದನ್ನು ತಯಾರಿಸಿ ಇಟ್ಟಳು. ಐದು ವರ್ಷದವಳಿದ್ದಾಗ ನನ್ನ ತೊಡೆಯ ಮೇಲೆ ಕೂತು ಗಂಟು ಹಾಕಲು ಕಲಿತ ಕೈಯಿಂದಲೇ.

ಇದನ್ನು ಪಂಚರ ಮುಂದೆ ಹೇಳಿದೆ, ದಾರವನ್ನೂ ಇಟ್ಟೆ. ಊರು ಸಿಟ್ಟಾಗುತ್ತದೆ ಎಂದುಕೊಂಡಿದ್ದೆ. ಅಡಿವೆಪ್ಪ ದಾರವನ್ನು ಮುಟ್ಟಿ ಕೂಡ ನೋಡಲಿಲ್ಲ.

"ಈಗ್ಯಾಕಕ್ಕಾ ಆ ಮಾತು? ಎಲ್ಲಾರೂ ಉಳದಾರಲ್ಲ. ಬರೋ ಹುಣ್ಣಿವಿಗೆ ಅಕೀನ ದಾರದವ್ವ ಮಾಡೂಣು. ಊರು ಉಳಿಸಿದ ಮಗಳಿಗೆ ಕಂಕಣ ಕಟ್ಟಾಕ ನಿನಗ ಕೈ ಬರವಲ್ದೇನು?"

ಮಗಳು ನನಗೆ ಮಾಡಿದ್ದು ಒಂದು ದ್ರೋಹ, ಊರು ಮಾಡಿದ್ದು ಇನ್ನೊಂದು. ಮೊದಲನೆಯದಕ್ಕೆ ಭಯ ಕಾರಣ. ಎರಡನೆಯದಕ್ಕೆ ಏನು ಕಾರಣವೆಂದು ಇನ್ನೂ ಹುಡುಕುತ್ತಿದ್ದೇನೆ. ನಲವತ್ತು ವರ್ಷ ಏನೂ ಆಗದಂತೆ ನೋಡಿಕೊಂಡವಳಿಗೆ ಅವರಲ್ಲಿ ಹಾಡಿಲ್ಲ, ಏನೂ ಆಗದಿದ್ದುದಕ್ಕೆ ಹಾಡು ಹುಟ್ಟುವುದಿಲ್ಲ.

ಬೀಗದ ಕೈಯನ್ನು ಯಾರಿಗೆ ಕೊಡಬೇಕೆಂಬುದು ಪಂಚರ ಮಾತಲ್ಲ, ದಾರದವ್ವನ ಮಾತು. ಅಂದೇ ಎದ್ದು ಮಾಳಗಿ ಓಣಿಯ ಜೈತುನಬಿಯ ಮನೆಗೆ ಹೋದೆ. ಅವಳು ಎಂಜಿನು ಬಿಚ್ಚುವವರ ಮನೆಯವಳು, ಕೆಲಸ ಬಲ್ಲವಳು. ಹಳೆಯ ಜಗಳವೊಂದರಿಂದ ನನ್ನೊಡನೆ ಮಾತು ಬಿಟ್ಟವಳು. ಬೀಗದ ಕೈಯನ್ನು ಅವಳ ಮುಂದಿಟ್ಟೆ.

"ನನಗ್ಯಾಕ ಫಕೀರವ್ವಾ? ನಿನ್ನ ಮಾರಿ ಕಂಡ್ರ ಆಗೂದಿಲ್ಲ ನನಗ."

"ಅದಕ್ಕೇ ಕೊಡ್ತೀನಿ," ಎಂದೆ. "ನನ್ನ ಮನಿಯವರು ಕಟ್ಟಿದ ದಾರ ನೀ ನೋಡು. ನೀ ಕಟ್ಟಿದ ದಾರ ಬ್ಯಾರೆ ಓಣಿಯವರು ನೋಡ್ಲಿ. ಕಟ್ಟಾಕಿ, ನೋಡಾಕಿ ಒಂದ ಮನಿಯವರು ಆಗಬಾರದು."

ಅವಳು ಬೀಗದ ಕೈ ತೆಗೆದುಕೊಂಡು ಮಾಡಿದ ಮೊದಲ ಕೆಲಸ, ನಾನು ಬದಲಿಸಿದ ಸೀಲನ್ನು ಬಿಚ್ಚಿಸಿ ನೋಡಿದ್ದು. ಸಿಟ್ಟು ಬಂತು. ಸರಿ ಎಂದೂ ಅನಿಸಿತು.

ನಿನ್ನಲ್ಲಿ ಒಂದೇ ಕೋರಿಕೆ. ನೀನು ಬಲ್ಲವಳಾಗು, ಕೆಲಸ ಕಲಿ, ಬೇಕಾದರೆ ಆ ಮನೆಯಲ್ಲಿ ಎಣ್ಣೆ ಬದಲಿಸುವವಳಾಗಿ ದುಡಿ. ಆದರೆ ಬೀಗದ ಕೈಯನ್ನು ನಮ್ಮ ಮನೆತನದ ಹಕ್ಕೆಂದು ಎಂದೂ ಕೇಳಬೇಡ. ಮನೆತನದ ಮಾತೆತ್ತಿ ಯಾರಾದರೂ ನಿನಗೆ ಕೊಡಲು ಬಂದರೆ, ಅವರಿಗೆ ನಿನ್ನಿಂದ ಏನು ಮುಚ್ಚಿಸಬೇಕಾಗಿದೆ ಎಂದು ಮೊದಲು ಕೇಳು.

ದಾಕ್ಷಾಯಣಿ ನನ್ನ ಜೊತೆಯಲ್ಲೇ ಇದ್ದಾಳೆ. ದಿನಕ್ಕೆ ಎರಡು ಸಲ ಅವಳ ಕಣ್ಣು ತೊಳೆಯುತ್ತೇನೆ. ಮೊನ್ನೆ, "ಅವ್ವಾ, ಇನ್ನೂ ಸಿಟ್ಟೈತೇನು?" ಎಂದು ಕೇಳಿದಳು. "ಸಿಟ್ಟು ಇಳದೈತಿ. ನಂಬಿಗಿ ಬಂದಿಲ್ಲ. ಕಣ್ಣು ತಗಿ," ಎಂದೆ. ತೆಗೆದಳು.

ಈ ಪತ್ರವನ್ನು ಮಡಿಚುವ ಮೊದಲು ಅವಳಿಗೆ ಪೂರ್ತಿ ಓದಿ ಹೇಳಿದೆ. ಕೂಸಿಗೆ ಹಾಲೂಡುತ್ತ ಕೇಳಿದಳು. ಒಂದು ಮಾತನ್ನೂ ಅಳಿಸು ಎನ್ನಲಿಲ್ಲ.

ಫಕೀರವ್ವ