ಪರದೆಯಾಚೆಯ ಮೂರನೆಯ ದನಿ

ಕುಷ್ಟಗಿ
ರವಿವಾರ, ೨೧ ನವೆಂಬರ್ ೧೯೪೩

ಗಂಗಾವತಿ ಹೆಣ್ಣುಮಕ್ಕಳ ಸಾಲಿಯ ಅಕ್ಕೋರು ಸೈದಾನಬಿಗೆ, ಎರಡು ವರ್ಷದ ಹಿಂದಿನವರೆಗೆ ನಿನ್ನ ಮನೆಯವನಾಗಿದ್ದು ಈಗ ಬರೀ ಮನೆಯಲ್ಲಿರುವವನಾದ ಇಬ್ರಾಹಿಂಸಾಬ ವಕೀಲನ ಸಲಾಮು.

ಹೆದರಬೇಡ, ಇದು ನೋಟೀಸಲ್ಲ. ನೋಟೀಸಾಗಿದ್ದರೆ ಉರ್ದುವಿನಲ್ಲಿ ಬರೆಯುತ್ತಿದ್ದೆ. ಉರ್ದುವಿನಲ್ಲಿ ಲೇಖನಿ ಹಿಡಿದರೆ ನನ್ನ ಕೈ ತಾನಾಗಿಯೇ ಅದಾಲತ್ತಿಗೆ ಹೋಗಿಬಿಡುತ್ತದೆ. ಕನ್ನಡದಲ್ಲಾದರೆ ಅಡುಗೆಮನೆಯ ಹೊಸ್ತಿಲ ತನಕವಾದರೂ ಬಂದು ನಿಲ್ಲುತ್ತದೆ. ಧಾರವಾಡದ ಕಾಲೇಜು ನನಗೆ ಕೊಟ್ಟದ್ದು ಎರಡೇ: ಒಂದು ಬಿ.ಎ., ಇನ್ನೊಂದು ಬಾಯಿ. ಬಿ.ಎ. ಗೋಡೆಗೆ ತೂಗುಬಿದ್ದಿದೆ. ಬಾಯಿಯ ಕಥೆ ನಿನಗೆ ಗೊತ್ತೇ ಇದೆ.

ಬರೆಯುವ ಕಾರಣ ಇಷ್ಟು. ಹೋದ ತಿಂಗಳು ೨೧ರ ಗುರುವಾರ ಖಾಜಿ ಹಾಜಿಸಾಬರ ಪಡಸಾಲೆಯಲ್ಲಿ ನಡೆದದ್ದನ್ನು ನೀನು ಪರದೆಯ ಆಚೆಯಿಂದ ಕೇಳಿದ್ದೀಯೇ ಹೊರತು ಈಚೆಯಿಂದ ನೋಡಿಲ್ಲ. ಗಂಗಾವತಿಯ ಸಂತೆಯಲ್ಲಿ ಈ ಸಂಗತಿ ಆರು ಬಗೆಯಾಗಿ ಓಡಾಡುತ್ತಿದೆಯಂತೆ. ಒಂದರಲ್ಲಿ ನಾನು ಪರದೆ ಹರಿದೆನಂತೆ, ಇನ್ನೊಂದರಲ್ಲಿ ಅತ್ತೆನಂತೆ. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದು ಮುಕ್ಕಾಲು ಸುಳ್ಳು. ಖಾಜಿಗಳ ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಯುದ್ಧಕಾಲ, ಟಪಾಲು ಒಡೆದು ಓದುವ ಸಾಹೇಬರಿಗೆ ಕನ್ನಡ ಬಂದರೂ ಬರಬಹುದು.

ವಕೀಲನ ಚಟ, ಬುಡದಿಂದ ಹೇಳದಿದ್ದರೆ ಸಮಾಧಾನವಿಲ್ಲ. ನಿನಗೆ ಗೊತ್ತಿದ್ದದ್ದನ್ನೂ ಹೇಳುತ್ತೇನೆ, ಸಹಿಸಿಕೋ. ನನ್ನ ಕಕ್ಷಿದಾರ ಟಿಪ್ಪುಸಾಬ ಬಳೆಗಾರ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಮೂರೂ ತಾಲೂಕಿನ ಹೆಂಗಸರ ಮುಂಗೈ ಅಳತೆ ಅವನಿಗೆ ಬಾಯಿಪಾಠ. ಬಳೆಯ ಮಲಾರ ಹೆಗಲಿಗೇರಿಸಿ ಹುಲಿಗಿ ಕಡೆ ಹೊರಟನೆಂದರೆ ಹದಿನೈದು ದಿನ ಮನೆಯ ನೆನಪಿಲ್ಲ. ಆದರೆ ಹೊರಡುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ನೆನಪು ತಪ್ಪಿದ್ದಿಲ್ಲ. ಒಳಗೆ ಹೆಂಡತಿ ಚಾಂದಬೀ, ಒಂದು ಚೀಲ ಜೋಳ. ಕಿಟಕಿಯಿಂದ ನೀರು ಕೊಡುವುದು ನೆರೆಮನೆಯವರ ಧರ್ಮ. ಬೀಗತನ ಬೆಳೆಸಿದವನು ಬೀಗ ಬೆಳೆಸುತ್ತಾನೆಂದು ತಿಳಿಯುವ ಮೊದಲೇ ಅವಳ ಅಪ್ಪ ತೀರಿಕೊಂಡಿದ್ದ, ಅಣ್ಣತಮ್ಮಂದಿರಿಲ್ಲ. ಏಳು ವರ್ಷ ಹೀಗೆ ಬಾಳಿದವಳು ಈ ಬೇಸಿಗೆಯಲ್ಲಿ ಜೋಳದ ಚೀಲದ ಮೇಲೆ ಕೊಡ, ಕೊಡದ ಮೇಲೆ ಕಾಲಿಟ್ಟು, ಮಾಳಿಗೆಯ ಬೆಳಕಿಂಡಿಯಿಂದ ಹೊರಬಿದ್ದು, ನೆಟ್ಟಗೆ ನಿನ್ನ ಸಾಲಿಗೆ ಬಂದಳು.

ಟಿಪ್ಪುಸಾಬ ನೆಟ್ಟಗೆ ನನ್ನ ಹತ್ತಿರ ಬಂದ. ಹೆಂಡತಿಯನ್ನು ಮನೆಗೆ ಕಳಿಸಿಕೊಡಬೇಕೆಂದು ಖಾಜಿಗಳಿಗೆ ಅರ್ಜಿ ಹಾಕಿದೆ. ಅರ್ಜಿ ಬರೆಯುವವನು ಮರ್ಜಿ ಕೇಳುವುದಿಲ್ಲ. ಅವಳ ಮನಸ್ಸು ಏನೆಂದು ನಾನು ಕೇಳಲಿಲ್ಲ.

ಖಾಜಿಗಳ ಪಡಸಾಲೆಯ ರೂಢಿ ನಿನಗೆ ನನಗಿಂತ ಚೆನ್ನಾಗಿ ಗೊತ್ತು; ಅದರ ಮೇಲೇ ಅಲ್ಲವೇ ನಿಮ್ಮ ಯುದ್ಧ. ಹೆಂಗಸು ಪರದೆಯ ಹಿಂದೆ ಕೂತು ಹೇಳಿಕೆ ಕೊಡಬೇಕು; ಆ ದನಿ ಅವಳದೇ ಎಂದು ಅಪ್ಪನೋ ಅಣ್ಣನೋ ಗಂಡನೋ ಗುರುತು ಹೇಳಬೇಕು; ಗುರುತಿಲ್ಲದಿದ್ದರೆ ಹೇಳಿಕೆ ಗಾಳಿಗೆ. ಚಾಂದಬೀಗೆ ಉಳಿದದ್ದು ಗಂಡನೊಬ್ಬನೇ. ದೂರು ಯಾರ ಮೇಲೋ ಅವನೇ ಅವಳ ದನಿಗೆ ಜಾಮೀನುದಾರ! ಈ ಸಂದು ಮೊದಲು ಕಂಡದ್ದು ನನಗೆ. ಯಾವ ದನಿ ಬಂದರೂ ‘ಇದು ನನ್ನ ಹೇಣ್ತಿ ದನಿ ಅಲ್ಲ’ ಅನ್ನು ಎಂದು ಟಿಪ್ಪುಸಾಬನಿಗೆ ಹೇಳಿಕೊಟ್ಟೆ. ಎರಡು ಸಲ ಹಾಗೆಯೇ ಅಂದ. ಎರಡು ಸಲ ಅವಳ ಹೇಳಿಕೆ ಬಿದ್ದುಹೋಯಿತು. ಮೂರನೆಯ ಸಲವೂ ಬಿದ್ದರೆ ಅವಳು ಬೀಗದೊಳಗೆ. ಈ ಯುಕ್ತಿಯನ್ನು ಕುಷ್ಟಗಿಯ ವಕೀಲರ ಕೋಣೆಯಲ್ಲಿ ಬಣ್ಣಿಸಿದೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅಷ್ಟರಲ್ಲಿ ನೀವು ಹೆಂಗಸರೆಲ್ಲ ಸೇರಿ ಸರಕಾರಕ್ಕೆ ಬರೆದ ಮಹಜರು ಊರೂರು ತಿರುಗುತ್ತಿತ್ತು. ಹೆಂಗಸರ ಖಟ್ಲೆ ಖಾಜಿಗಳ ಪಡಸಾಲೆಯಲ್ಲೂ ಬೇಡ, ಮಠದ ಕಟ್ಟೆಯ ಮೇಲೂ ಬೇಡ. ಗಂಡು ನಿಂತು ಮಾತಾಡುವ ಕಟಕಟೆಯಲ್ಲೇ ಹೆಣ್ಣೂ ನಿಂತು ಮಾತಾಡಲಿ, ಅದಾಲತ್ತಿನ ಮುನ್ಸಿಫರು ಕೇಳಲಿ ಎಂದು. ಅಳವಂಡಿಯಿಂದ ಬೇವೂರಿನ ತನಕ ಮುನ್ನೂರು ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದವರು ನನ್ನನ್ನೂ ಒಂದು ದಿನ ಒತ್ತುತ್ತಾರೆಂದು ನಾನು ಎಣಿಸಿರಲಿಲ್ಲ.

ಇನ್ನು ಪರದೆಯ ಈಚೆಗೆ ಬಾ. ಖಾಜಿಗಳು ಗಡ್ಡ ನೀವಿಕೊಂಡು ಕೂತಿದ್ದರು. ‘ಹೂಂ, ಆ ಹೆಣ್ಮಗಳು ಮಾತಾಡ್ಲಿ’ ಅಂದರು. ಪರದೆ ಅಲ್ಲಾಡಿತು. ದನಿ ಬರುವ ಬದಲು ಒಂದು ತಲೆಯೇ ಬಂತು: ನಿನ್ನ ಜೊತೆಗಾತಿ ಬೇವೂರಿನ ಹುಲಗೆಮ್ಮ. ಹೆಣ್ಣು ಮಠದ ಕಟ್ಟೆ ಹತ್ತಬಾರದೆಂದು ಬಿಸಿಲಲ್ಲೇ ನಿಂತು ತೀರ್ಪು ಹೇಳಿಸಿಕೊಂಡವಳು. ಅಂದಿನಿಂದ ಯಾವ ಕಟ್ಟೆಗೂ ಹೆದರಿದವಳಲ್ಲ. ಖಾಜಿಗಳು ಟೋಪಿ ಸರಿಮಾಡಿಕೊಂಡು, ‘ನೀ ಯಾಕ ಬಂದಿಬೇ ಇಲ್ಲಿಗೆ?’ ಅಂದರು. ‘ನಿಮ್ಮ ಬೇಗಂ ಸಾಹೇಬ್ರು ಚಾ ಕುಡಿಯಾಕ ಕರದಾರ್ರಿ, ಬಂದೀನಿ’ ಅಂದಳು. ‘ಒಳಗ ಮೂರು ಮಂದಿ ಅದಾರ. ಅವರಾಗ ಒಬ್ಬಾಕಿ ಚಾಂದಬೀ, ಮಾರಿ ನೋಡಿ ನಿಮ್ಮ ಮನಿಯವ್ರ ಹೇಳ್ಯಾರ. ಹೇಣ್ತಿ ದನಿ ಅಲ್ಲ ಅಂತ ಎರಡು ಸಲ ಹೇಳಾಕ ಬಂದವಗ, ಯಾವುದು ಹೌದು ಅಂತ ಒಂದು ಸಲ ಹೇಳಾಕ ಬರಬೇಕಲ್ರಿ ಯಪ್ಪಾ?’

ಖಾಜಿಗಳು ನನ್ನ ಕಡೆ ನೋಡಿದರು. ನಾನು ಮಾಳಿಗೆಯ ತೊಲೆಯ ಕಡೆ ನೋಡಿದೆ. ‘ಕೇಳಿದ್ದು ಬರೋಬರಿ ಐತಲ್ಲ ವಕೀಲರ’ ಅಂದರು. ಮೂರನ್ನೂ ಅಲ್ಲ ಅಂದರೆ ಖಾಜಿಗಳ ಬೇಗಮರನ್ನೇ ಸುಳ್ಳುಬುರುಕಿ ಅಂದಂತೆ. ನಾನು ಬಗ್ಗಿ ಟಿಪ್ಪುಸಾಬನ ಕಿವಿಯಲ್ಲಿ, ‘ಈ ಸಲ ಖರೇ ಹೇಳಿಬಿಡು’ ಅಂದೆ. ಅವನು ಗಾಬರಿಯಾದ. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಏಳು ವರ್ಷದ ಹೆಂಡತಿ, ಗುರುತು ಸಿಗದೇ ಇರುತ್ತದೆಯೇ?

ಹುಲಗೆಮ್ಮ ಹರಾಜು ಕೂಗುವವಳಂತೆ ಸೆರಗು ಸಿಕ್ಕಿಸಿ ನಿಂತಳು. ಮೂವರೂ ಒಂದೇ ಮಾತು ಹೇಳತಕ್ಕದ್ದು: ‘ಊಟಕ್ಕ ಬರ್ರಿ, ತಣ್ಣಗಾಗತೈತಿ.’ ಯಾಕೆಂದರೆ, ಹುಲಗೆಮ್ಮನ ಪ್ರಕಾರ, ಗಂಡಸಾದವನು ಮನೆಯಲ್ಲಿ ತಪ್ಪದೆ ಕೇಳಿಸಿಕೊಳ್ಳುವ ಮಾತು ಅದೊಂದೇ.

ಒಂದನೆಯ ದನಿ ಬಂತು. ಟಿಪ್ಪುಸಾಬ ಅಲ್ಲಾಡಲಿಲ್ಲ. ಅಲ್ಲಾಡಿದವರು ಖಾಜಿಗಳು. ಅರ್ಧ ಎದ್ದರು, ಒಂದು ಕೈ ಚಪ್ಪಲಿಯ ಕಡೆ ಹೋಯಿತು, ಆಮೇಲೆ ಎಲ್ಲಿದ್ದೇನೆಂಬ ನೆನಪಾಗಿ ಕೆಮ್ಮಿ ಕೂತರು. ಅವರ ಬೇಗಂ ಮೆಹಬೂಬಬೀಯವರ ಮೂವತ್ತು ವರ್ಷದ ಸಂಸಾರಕ್ಕೆ ಇದಕ್ಕಿಂತ ದೊಡ್ಡ ಸನ್ನದು ಬೇಕೆ? ನೀನು ಅದನ್ನು ನೋಡಬೇಕಿತ್ತು.

ಎರಡನೆಯ ದನಿ ಸಣ್ಣಗಿತ್ತು. ಗೋಡೆಗೆ ಹೇಳಿ ರೂಢಿಯಾದ ದನಿ. ಟಿಪ್ಪುಸಾಬ ಕಿವಿ ತುರಿಸಿಕೊಂಡು, ‘ಇದ್ಯಾರೋ ಏನೋ, ಈ ದನಿ ನಾ ಹುಟ್ಟಿದಾಗಿಂದ ಕೇಳಿಲ್ರಿ’ ಅಂದ. ಅದು ಚಾಂದಬೀ.

ಮೂರನೆಯದು ಬಂತು.

ಸೈದಾನಬಿ, ನೀನು ಅಲ್ಲಿದ್ದೀಯೆಂದು ನನಗೆ ಗೊತ್ತಿರಲಿಲ್ಲ, ಅಲ್ಲಾನ ಆಣೆ. ಗುರುವಾರ ನಿನಗೆ ಸಾಲಿ ಇರುತ್ತದೆಂದೇ ಲೆಕ್ಕ ಹಾಕಿದ್ದೆ. ‘ಊಟಕ್ಕ ಬರ್ರಿ’ ಎಂಬಲ್ಲಿಗೆ ನನ್ನ ಕೈಯ ಕಾಗದ ಜಾರಿತು. ‘ತಣ್ಣಗಾಗತೈತಿ’ ಎಂಬಲ್ಲಿಗೆ ನನ್ನ ಹೊಟ್ಟೆ ಗುರ್ ಅಂದಿತು. ಎರಡು ವರ್ಷದಿಂದ ಖಾನಾವಳಿಯ ಊಟ ನನಗೆ. ಅಲ್ಲಿ ಕರೆಯುವುದಿಲ್ಲ, ಗಂಟೆ ಬಾರಿಸುತ್ತಾರೆ.

ಟಿಪ್ಪುಸಾಬ ಹಾರಿ ನಿಂತ. ‘ಇದ! ಇದ ನನ್ನ ಹೇಣ್ತಿ! ದನ್ಯಾಗ ಸಿಟ್ಟು ಕೇಳಿಸಿಲ್ಲೇನ್ರಿ? ಗಂಡನ ಮ್ಯಾಲಿನ ಸಿಟ್ಟು ಅದು!’ ಗಂಡನ ಮೇಲಿನ ಸಿಟ್ಟೇ, ಖರೇ. ಆದರೆ ಆ ಸಿಟ್ಟು ಅವನದಲ್ಲ, ನನ್ನದು. ಎಂಟು ವರ್ಷ ಬೆವರು ಸುರಿಸಿ ಗಳಿಸಿದ್ದು. ಅದನ್ನು ಒಬ್ಬ ಬಳೆಗಾರ ಬಂದು ತನ್ನದೆಂದರೆ ಯಾರಿಗೆ ಉರಿಯುವುದಿಲ್ಲ?

ಖಾಜಿಗಳಿಗೆ ಯಾವ ದನಿ ಯಾರದೆಂದು ಗೊತ್ತಿರಲಿಲ್ಲ, ತಮ್ಮ ಮನೆಯದೊಂದನ್ನು ಬಿಟ್ಟು. ಲೇಖನಿ ತೆಗೆದುಕೊಂಡು, ‘ಮೂರನೇ ಹೆಣ್ಮಗಳು ಚಾಂದಬೀ ಅಂತ ಬರ್ಕೋತೀನಿ. ವಕೀಲರ, ತಕರಾರೇನರ ಐತೇನು?’ ಅಂದರು. ‘ಇಲ್ಲ’ ಅಂದರೆ ಕಾನೂನಿನ ಪ್ರಕಾರ ನೀನು ಟಿಪ್ಪುಸಾಬನ ಹೆಂಡತಿ. ‘ಐತಿ’ ಅಂದರೆ ನನ್ನ ಕಕ್ಷಿದಾರನಿಗೆ ಹೆಂಡತಿಯ ದನಿಯೇ ಗೊತ್ತಿಲ್ಲವೆಂದು ನಾನೇ ಸಾರಿದಂತೆ. ಹಿಂದಿನ ಎರಡು ‘ಅಲ್ಲ’ಗಳೂ ಹೊಳೆಗೆ. ನಾನು ಇನ್ನೂ ತೂಗುತ್ತಿದ್ದೆ. ಹೌದು, ತೂಗುತ್ತಿದ್ದೆ, ಇದನ್ನು ಬರೆಯಲು ನನಗೆ ನಾಚಿಕೆ. ಅಷ್ಟರಲ್ಲಿ ಟಿಪ್ಪುಸಾಬ ಪರದೆಯ ಕಡೆ ಎರಡು ಹೆಜ್ಜೆ ಹಾಕಿ, ‘ನಡಿ, ಬಂಡಿ ಕಾದೈತಿ’ ಅಂದ.

ಆಮೇಲೆ ನಾನು ಕೂಗಿದ್ದನ್ನು ನೀನು ಕೇಳಿದ್ದೀ. ‘ತಕರಾರು ಐತ್ರಿ! ಅದು ನನ್ನ ಹೇಣ್ತಿ!’

ಕಕ್ಷಿದಾರನ ವಿರುದ್ಧ ವಕೀಲನೇ ಸಾಕ್ಷಿದಾರನಾದ ಖಟ್ಲೆ ಈ ನಾಡಿನಲ್ಲಿ ಅದೇ ಮೊದಲಿರಬೇಕು. ಖಾಜಿಗಳು ಲೇಖನಿ ಹಿಡಿದೇ ಕೇಳಿದರು: ‘ವಕೀಲರ, ನೀವು ಯಾರ ಕಡಿಯವ್ರು?’ ‘ನನಗೂ ಅದ ತಿಳಿವಲ್ದ್ರಿ’ ಅಂದೆ. ‘ಪರದೆ ಆಚಿನಿಂದ ಹೆಂಗ ಗುರುತು ಹಿಡದ್ರಿ?’ ‘ತಣ್ಣಗಾಗತೈತಿ ಅಂತ ಅನ್ನದ ಬಗ್ಗೆ ಅಂದಂಗ ಅನ್ನೂದಿಲ್ರಿ ಆಕಿ. ನನ್ನ ಬಗ್ಗೆ ಅಂದಂಗ ಅಂತಾಳ.’ ಹುಲಗೆಮ್ಮ ನಕ್ಕದ್ದು ನಿನಗೆ ಕೇಳಿರಬೇಕು. ತುಂಗಭದ್ರೆಯ ಆ ದಂಡೆಗೂ ಕೇಳಿರಬೇಕು. ಆಗ ಆಚೆಯಿಂದ ನೀನು: ‘ಹೌದ್ರಿ ಖಾಜಿ ಸಾಹೇಬ್ರ, ಗುರುತು ಬರೋಬರಿ ಐತಿ, ಅವರ ನನ್ನ ಗಂಡ. ಆದರ ಬಂಡಿ ಅವರದಾಗಲಿ ಇವರದಾಗಲಿ, ನಾ ಹತ್ತೂದಿಲ್ಲ.’

ಈಗ ನೀನು ನೋಡದ ಒಂದು ಸಂಗತಿ. ಖಾಜಿಗಳು ಬರೆದದ್ದನ್ನು ತಾವೇ ಕಾಟು ಹೊಡೆದರು. ಮುಖದ ಮೇಲೆ ಸಿಟ್ಟಿರಲಿಲ್ಲ, ಸುಸ್ತಿತ್ತು. ‘ಗಂಡನ ಕಿವಿ ಮ್ಯಾಲ ಹೆಣ್ಮಗಳ ನ್ಯಾಯ ನಿಲ್ಲಿಸೂ ರೂಢಿ ನಮ್ಮ ಅಬ್ಬಾನ ಕಾಲದ್ದು. ಕಿವಿನ ಹಿಂಗಿದ್ರ ನಾ ಏನ್ ಮಾಡ್ಲಿ’ ಎಂದು ತಮಗೆ ತಾವೇ ಅಂದುಕೊಂಡರು. ನೀವು ಕೇಳಿದ್ದು ಅದರ ನಂತರದ ದೊಡ್ಡ ದನಿಯ ಹುಕುಂ ಮಾತ್ರ: ಟಿಪ್ಪುಸಾಬನ ಅರ್ಜಿ ಖಾರಿಜು, ಬೇಕಾದರೆ ಗಂಗಾವತಿಯ ಮುನ್ಸಿಫರ ಮುಂದೆ ಹೋಗಿ ಕೇಳಲಿ.

ಅವನು ಹೋದ, ಬೇರೆ ವಕೀಲನನ್ನು ಹಿಡಿದು. ನಿನ್ನೆ ಚಾಂದಬೀ ಕಟಕಟೆಯಲ್ಲಿ ನಿಂತು ಮಾತಾಡಿದ್ದನ್ನು ನೀನು ಮುಂದಿನ ಸಾಲಿನಲ್ಲಿ ಕೂತು ಕೇಳಿದೆ. ನಾನು ಹಿಂದಿನ ಬಾಕಿನಲ್ಲಿದ್ದೆ. ಅದಾಲತ್ತಿನ ಗಡಿಯಾರದಲ್ಲಿ ನಲವತ್ತು ನಿಮಿಷ ಮಾತಾಡಿದಳು. ಬೆಳಕಿಂಡಿ ಎಷ್ಟು ಅಗಲವೆಂದು ಮುನ್ಸಿಫರು ಕೇಳಿದಾಗ ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದಳಲ್ಲ, ಅಷ್ಟು ಸಣ್ಣದೇ ಎಂದು ಹಿಂದಿನ ಬಾಕಿನವರೆಲ್ಲ ಎದ್ದು ನೋಡಿದರು. ಟಿಪ್ಪುಸಾಬ ನನ್ನ ಪಕ್ಕ ಸರಿದು ಬಂದು, ‘ವಕೀಲರ, ಇಕಿ ಇಷ್ಟು ಮಾತಾಡ್ತಾಳೇನ್ರಿ?’ ಎಂದು ಪಿಸುಗುಟ್ಟಿದ. ಚೇಷ್ಟೆ ಮಾಡಲಿಲ್ಲ ಅವನು, ಖರೇನೇ ಕೇಳಿದ. ಅವಳನ್ನು ಬಲವಂತದಿಂದ ಯಾರೂ ಎಲ್ಲಿಗೂ ಕಳಿಸುವಂತಿಲ್ಲವೆಂದು ಮುನ್ಸಿಫರು ಓದುವಾಗ ನಾನು ಹೊರಗೆ ಬಂದುಬಿಟ್ಟೆ. ನೀವೆಲ್ಲ ನಗುತ್ತ ಇಳಿದು ಬರುವಾಗ ಬೇವಿನ ಮರದ ಹಿಂದೆ ನಿಂತಿದ್ದವನು ನಾನೇ. ನಿಮಗೆ ಪರದೆ ಹೋಯಿತು, ನನಗೆ ಬಂತು.

ರಾತ್ರಿಯೆಲ್ಲ ಬೀಗಲಿಲ್ಲ ಅಂದರೂ ನಂಬಲಿಕ್ಕಿಲ್ಲ ನೀನು: ಟಿಪ್ಪುಸಾಬನಿಗಿಂತ ನಾನು ವಾಸಿ, ನನಗೆ ಹೆಂಡತಿಯ ದನಿ ಗೊತ್ತು ಎಂದು. ಬೆಳಿಗ್ಗೆ ಕೂತು ಒಂದು ಪರೀಕ್ಷೆ ಮಾಡಿಕೊಂಡೆ. ಮಹಜರಿನ ಒಕ್ಕಣೆ ಬರೆದುಕೊಡ್ರಿ ಅಂತ ನೀನು ಕೇಳಿದೆಯಲ್ಲ, ಟ್ರಂಕು ಹಿಡಿದು ಹೊರಟ ದಿನ, ಅವತ್ತು ನೀನು ಏನೇನು ಹೇಳಿದೆ ಎಂದು ನೆನೆಸಿದೆ. ನನ್ನ ಜವಾಬುಗಳು ಒಂದೂ ಬಿಡದೆ ನೆನಪಿವೆ. ನಾನು ಎಲ್ಲೆಲ್ಲಿ ನಕ್ಕೆ ಎಂಬುದೂ ನೆನಪಿದೆ. ನಿನ್ನದು ಒಂದು ವಾಕ್ಯವೂ ಇಲ್ಲ. ದನಿ ಇದೆ, ಮಾತಿಲ್ಲ.

ವಾಪಸು ಬಾ ಎಂದು ಬರೆಯುತ್ತಿಲ್ಲ. ಹುಲಗೆಮ್ಮ ಅಕ್ಕ ಹೇಳಿಕಳಿಸಿದ್ದಾಳೆ: ನಾಳೆಯದನ್ನು ಬಿಟ್ಟು ಬರುವ ಸೋಮವಾರ ಬೇವೂರಿನಲ್ಲಿ ಮಠದ ಕಟ್ಟೆಯ ವಿರುದ್ಧ ಹೆಂಗಸರ ಹೇಳಿಕೆ ಬರೆದುಕೊಳ್ಳುವುದಿದೆ, ಬರೆಯುವವರು ಬೇಕು, ಮಾತಾಡುವವರು ಬೇಡ. ನಾನು ಒಪ್ಪಿದ್ದೇನೆ. ನೀನು ಅಲ್ಲಿರುತ್ತೀ ಎಂಬ ಕಾರಣಕ್ಕೆ ಒಪ್ಪಿದ್ದಲ್ಲ ಅಂತ ಬರೆದರೆ ಸುಳ್ಳು ಸಾಕ್ಷಿಯಾದೀತು. ಮಸಿ ನಾನೇ ತರುತ್ತೇನೆ. ಬಾಯಿ ಮನೆಯಲ್ಲಿಟ್ಟು ಬರಲು ಪ್ರಯತ್ನಿಸುತ್ತೇನೆ.

ನಿನಗೆ ಆಸರೆ ಕೊಟ್ಟ ಚಿಕ್ಕಮ್ಮನಿಗೆ ಆದಾಬು.

ಗುರುತು ಸಿಕ್ಕವಳಿಗೆ, ಇನ್ನೂ ಕಿವಿ ತಿದ್ದಿಕೊಳ್ಳುತ್ತಿರುವ
ಇಬ್ರಾಹಿಂಸಾಬ

ತಾ.ಕ.: ಕುಷ್ಟಗಿಯ ಅಂಗಡಿಗಳಲ್ಲಿ ಬಿಳಿ ಕಾಗದವೇ ಇಲ್ಲ. ಹಾಗಾಗಿ ಇದನ್ನು ಒಂದು ಅರ್ಜಿಯ ಬೆನ್ನ ಮೇಲೆ ಬರೆದಿದ್ದೇನೆ. ಮಗುಚಿದರೆ ಉರ್ದುವಿನಲ್ಲಿ ಕಾಣುತ್ತದೆ: ವಾದಿ ಇಬ್ರಾಹಿಂಸಾಬ, ಪ್ರತಿವಾದಿ ಸೈದಾನಬಿ, ಹೆಂಡತಿಯನ್ನು ಮನೆಗೆ ಕಳಿಸಿಕೊಡುವಂತೆ ಖಾಜಿ ಸಾಹೇಬರಲ್ಲಿ ಬಿನ್ನಹ. ತಾರೀಖಿನ ಜಾಗ ಖಾಲಿ ಇದೆ; ಟಿಪ್ಪುಸಾಬನ ಖಟ್ಲೆ ಗೆದ್ದ ಮರುದಿನ ತುಂಬುವುದೆಂದು ಬಿಟ್ಟಿದ್ದೆ. ಅವನದು ಗೆದ್ದರೆ ನನ್ನದಕ್ಕೆ ಅದೇ ಆಧಾರ. ಅಪ್ಪ, ಅಣ್ಣ ನಿನಗೂ ಇಲ್ಲ. ‘ಅವಳ ದನಿಯಲ್ಲ ಎನ್ನತಕ್ಕದ್ದು’ ಎಂದು ಅಂಚಿನಲ್ಲಿ ಸಣ್ಣಗೆ ಗೀಚಿರುವುದು ನನ್ನದೇ ಅಕ್ಷರ. ಎರಡನೆಯ ಪ್ರತಿ ಇಲ್ಲ. ಓದಿದ ಮೇಲೆ ಒಲೆಗೆ ಹಾಕು, ಇಲ್ಲವೇ ಸೋಮವಾರ ಬೇವೂರಿಗೆ ತಾ. ಬರೆದುಕೊಳ್ಳುವ ಮೊದಲನೆಯ ಹೇಳಿಕೆ ನಿನ್ನದೇ ಆಗಲಿ.