ಸಲೀಸು ಅಂಗಿಯ ಲೆಕ್ಕ

ಜನವರಿ 8, ಬೆಳಿಗ್ಗೆ

ಮತ್ತೆ ಕಾಲರ್ ಬಿಚ್ಚಿ ಹೊಲಿದೆ. ಇದು ಮೂರನೇ ಸ್ಯಾಂಪಲ್. ಅಮ್ಮನಿಗೆ ತೊಡಿಸಿ ನೋಡಿದೆ — ಎಡಗೈ ಎತ್ತುವುದೇ ಬೇಕಾಗಲಿಲ್ಲ. ಅಂಗಿಯ ತೋಳು ಭುಜದಿಂದ ಮಣಿಕಟ್ಟಿನವರೆಗೂ ತೆರೆದುಕೊಳ್ಳುತ್ತದೆ, ಸುತ್ತಿ ಒತ್ತಿದರೆ ಮುಗಿಯಿತು. ಮೇಲೆ ಕಾಣುವ ಗುಂಡಿಗಳು ಬರೀ ತೋರಿಕೆಗೆ, ಕೆಳಗಿರುವುದು ಪ್ರೆಸ್ ಬಟನ್. ಸ್ಟ್ರೋಕ್ ಆಗಿ ಎಂಟು ತಿಂಗಳು. ಬಟ್ಟೆ ಬದಲಿಸುವಾಗ ಅಮ್ಮ ಅಳದೇ ಇದ್ದದ್ದು ಇವತ್ತೇ ಮೊದಲು.

ಕನ್ನಡಿ ಕೇಳಿದಳು. ಅತ್ತ ಇತ್ತ ನೋಡಿಕೊಂಡು, "ಪೇಷೆಂಟ್ ಥರ ಕಾಣಲ್ಲ ಅಲ್ವೇನೇ?" ಅಂದಳು.

ಇಲ್ಲ ಅಂದೆ. ನಿಜವಾಗಿಯೂ ಕಾಣುತ್ತಿರಲಿಲ್ಲ.

ಜನವರಿ 11

ಮಾಡಿಯೇ ಬಿಡುವುದು. ಗಾರ್ಮೆಂಟ್ ಫ್ಯಾಕ್ಟರಿ ಮುಚ್ಚುವಾಗ ಕೈಗಿತ್ತ ಎಂಬತ್ತು ಸಾವಿರ ಬ್ಯಾಂಕಿನಲ್ಲಿ ನಿದ್ದೆ ಹೊಡೆಯುತ್ತಿದೆ. ತಮ್ಮ, ಸಾಲ ತೆಗೆಯೋಣ, ದೊಡ್ಡದಾಗಿಯೇ ಶುರು ಮಾಡೋಣ, ವೆಬ್‌ಸೈಟು ಗಿಬ್‌ಸೈಟು ಅಂತ ಕುಣಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದೆ. ಮುಖ ಊದಿಸಿಕೊಂಡು ಹೋದ. ಬ್ರ್ಯಾಂಡಿಗೆ ಹೆಸರಿಟ್ಟದ್ದು ಅಮ್ಮ — ಸಲೀಸು.

ಬಜೆಟ್ ಬರೆದೆ. ಬಟ್ಟೆ ಮೂವತ್ತು ಸಾವಿರ. ಬಟನ್, ದಾರ, ಕಾಲರಿನೊಳಗಿನ ಕ್ಯಾನ್ವಾಸ್ ಎಂಟು. ಸ್ಯಾಂಪಲ್ ಐದು. ಫೋಟೊ ನಾಲ್ಕು. ಲೇಬಲ್, ಕವರ್ ಮೂರು. ಇಪ್ಪತ್ತು ಸಾವಿರ ಎರಡನೇ ಸಲದ ಬಟ್ಟೆಗೆ ಎತ್ತಿಟ್ಟದ್ದು. ಹತ್ತು ಅಮ್ಮನ ಔಷಧಿಗೆ, ಆಕಾಶ ಬಿದ್ದರೂ ಮುಟ್ಟುವಂತಿಲ್ಲ.

ಹೊಲಿಗೆ — ಸೊನ್ನೆ. ನನ್ನದೇ ಕೈ, ನನ್ನದೇ ಮಿಷನ್. ಆ ಸೊನ್ನೆ ನೋಡಿ ನನಗೇ ಹೆಮ್ಮೆ ಆಯಿತು.

ಜನವರಿ 19

ತಮ್ಮ, ಅಂಗಿ ಹಾಕಿ ಕೊಡಲು ಅಂತ, ಬಣ್ಣದ ಡಬ್ಬಿಯ ಸ್ಯಾಂಪಲ್ ತಂದಿದ್ದ. ಒಂದಕ್ಕೆ ಅರವತ್ತೈದು. ಮೂಗಿಗಿಂತ ಮೂಗುತಿ ಭಾರ. ನೇಯ್ದ ಲೇಬಲ್ ಒಂದೇ ಸಲ ಸಾವಿರಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲವಂತೆ. ಇನ್ನೂ ಮೂವತ್ತು ಅಂಗಿ ಆಗಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ? ರಬ್ಬರ್ ಸ್ಟ್ಯಾಂಪ್ ಮಾಡಿಸಿ, ಬಿಳಿ ಟೇಪಿನ ಮೇಲೆ ಒತ್ತಿದರೆ ಆಯಿತು.

ಒತ್ತಿದ್ದು ಅಮ್ಮ, ಬಲಗೈಯಲ್ಲಿ. ಅರವತ್ತರಲ್ಲಿ ಮೂರು ತಲೆಕೆಳಗು. ಅವನ್ನು ಅಮ್ಮನ ಅಂಗಿಗೇ ಹಾಕಿದೆ. ತಪ್ಪಿಗೆ ಸಂಬಳ ಬೇರೆ ಕೊಡ್ತಾಳೆ ಓನರಮ್ಮ ಅಂತ ನಕ್ಕಳು.

ಫೆಬ್ರವರಿ 6

ಮೂವತ್ತೂ ಮಾರಿಹೋದವು! ಇಷ್ಟು ಅಗ್ಗಕ್ಕೆ ಎಲ್ಲೂ ಸಿಗಲ್ಲ ಅಂದರಂತೆ ಕೊಂಡವರು. ಅಗ್ಗ ಯಾಕೆ ಆಗುವುದಿಲ್ಲ... ಸಾಮಾನಿಗೆ ಮುನ್ನೂರ ಎಂಬತ್ತು, ಮೇಲೆ ಎಪ್ಪತ್ತು ಇಟ್ಟೆ, ನಾನೂರ ಐವತ್ತು. ಅಮ್ಮನ ಕೈಗೆ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಒಂದು ನರ್ಸಿಂಗ್ ಹೋಮಿಗೆ ತೋರಿಸಿದ್ದಳು. ಅವರಿಂದ ನೂರೈವತ್ತು ಅಂಗಿಯ ಆರ್ಡರ್. ಮಾರ್ಚ್ ಕೊನೆಗೆ ಬೇಕು. ಅದೇ ರೇಟು ಬರೆದು ಸಹಿ ಹಾಕಿ ಕೊಟ್ಟು ಬಂದೆ. ಕಾಲು ನೆಲದ ಮೇಲೆ ಇರಲಿಲ್ಲ.

ಫೆಬ್ರವರಿ 9

ಮಾಸ್ಟರ್ ಕಟಿಂಗ್‌ಗೆ ಬಂದಿದ್ದರು. ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಅವರು ಕತ್ತರಿಸಿದ್ದನ್ನೇ ನಾನು ಹೊಲಿದದ್ದು. ಚೂರೂ ದಂಡವಾಗದ ಹಾಗೆ ನೂರೈವತ್ತನ್ನೂ ಕತ್ತರಿಸಿ ಇಟ್ಟರು. ಕಾಫಿ ಕುಡಿಯುತ್ತ ಕನ್ನಡಕ ಏರಿಸಿ ಬಜೆಟ್ ಓದಿದರು.

"ಎಲ್ಲ ಸರಿಯಾಗೇ ಇದೆ. ಹೊಲಿಯೋಳ ಕೂಲಿ ಎಲ್ಲಮ್ಮ?"

ನಾನೇ ಅಲ್ಲವಾ ಮಾಸ್ಟರ್ ಅಂದೆ.

"ನೀನೇ ಸರಿ. ನಾಳೆ ನಿನಗೆ ಕೂರೋಕೆ ಆಗಲ್ಲ ಅಂದ್ರೆ, ಇನ್ನೊಬ್ಬಳನ್ನ ಯಾವ ದುಡ್ಡಲ್ಲಿ ಕೂರಿಸ್ತೀಯ?"

ನಕ್ಕುಬಿಟ್ಟೆ. ನನಗೇನಾಗುತ್ತದೆ, ಕಲ್ಲುಗುಂಡಿನ ಹಾಗಿದ್ದೇನೆ. ಆದರೂ ಅವರು ಹೋದ ಮೇಲೆ ಮನಸ್ಸು ಸ್ವಲ್ಪ ಕೊರೆಯಿತು. ಫ್ಯಾಕ್ಟರಿಯಲ್ಲಿ ಪ್ರತಿ ಹೊಲಿಗೆಗೂ ಇಷ್ಟು ಕಾಸು ಅಂತ ಜಗಳ ಆಡಿ ಇಸಕೊಂಡವಳು ನಾನು. ಮನೆಯಲ್ಲಿ ಹೊಲಿಯುವ ಯಾವ ಹೆಂಗಸೂ ತನ್ನ ಕೂಲಿ ಬರೆದದ್ದು ನೋಡಿಲ್ಲ. ಅಮ್ಮ ನಲವತ್ತು ವರ್ಷ ಬೀದಿಯವರಿಗೆಲ್ಲ ಹೊಲಿದಳು, ದಾರದ ದುಡ್ಡಷ್ಟೇ ಕೇಳುತ್ತಿದ್ದಳು.

ರೇಟು ಕೊಟ್ಟಾಗಿದೆ. ಈಗ ಏನು ಮಾಡಲಾಗುತ್ತದೆ.

ಫೆಬ್ರವರಿ 27

ನಲವತ್ತೆಂಟು ಆದವು. ಬೆನ್ನು ಬಿದ್ದುಹೋಗಿದೆ. ಹಿಂದಿನ ಬೀದಿಯಿಂದ ಒಬ್ಬಳು ಹೊಲಿಯುತ್ತೇನೆ ಅಂತ ಬಂದಳು. ಕೈ ಚೆನ್ನಾಗಿದೆ. ಅಂಗಿಗೆ ನೂರಿಪ್ಪತ್ತು ಕೇಳಿದಳು, ನ್ಯಾಯವೇ. ನನಗೆ ಉಳಿಯುವುದೇ ಎಪ್ಪತ್ತು. ಎತ್ತಿಟ್ಟ ಇಪ್ಪತ್ತು ಸಾವಿರ ಈ ಆರ್ಡರಿನ ಬಟ್ಟೆಗೇ ಹೋಗಿದೆ. ವಾಪಸು ಕಳಿಸಿದೆ.

ಅಮ್ಮ ಪಕ್ಕದ ಕೋಣೆಯಿಂದ ಏನೋ ಹೇಳುತ್ತಲೇ ಇರುತ್ತಾಳೆ. ಮಿಷನ್ ಸದ್ದಿನಲ್ಲಿ ಅರ್ಧ ಕೇಳುವುದಿಲ್ಲ. ಹೂಂ ಅನ್ನುತ್ತೇನೆ. ಇವತ್ತು ಊಟ ಮಾಡಿಸುವಾಗ, "ನಾನೂ ಹೊಲಿಗೆ ಮಿಷನ್ ಆಗಿದ್ರೆ ಚೆನ್ನಾಗಿತ್ತು. ದಿನಾ ಹತ್ತು ಗಂಟೆ ನೀನು ನನ್ನ ಹತ್ರ ಕೂತಿರ್ತಿದ್ದೆ," ಅಂದಳು.

ತಮಾಷೆಗೇ ಅಂದದ್ದು. ನಾನೂ ನಕ್ಕೆ.

ಮಾರ್ಚ್ 14

ತೊಂಬತ್ತೇಳು. ಫಿಸಿಯೋಗೆ ವಾರಕ್ಕೆ ಎರಡು ಸಲ ಬಂದರೆ ಸಾಕು ಅಂದೆ. ಅವಳಿಗೆ ಬಾಗಿಲು ತೆಗೆಯಲೂ ನನಗೆ ಪುರುಸೊತ್ತಿಲ್ಲ.

ಮಾರ್ಚ್ 21, ಮಧ್ಯಾಹ್ನ 3

ಅಮ್ಮ ಕರೆದಳು. "ಪುಟ್ಟೀ, ಮಿಷನ್ ಸ್ವಲ್ಪ ನಿಲ್ಲಿಸು. ನಿನ್ನ ಹತ್ರ ಒಂದು ಮಾತು ಹೇಳ್ಬೇಕು."

ಈ ತೋಳೊಂದು ಮುಗಿಸಿ ಬಂದೆ ಅಂದೆ. ಮುಗಿಸಿ ಹೋದೆ. ಅಮ್ಮನಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲಿಲ್ಲ, ಸಂಜೆ ಕೇಳಿದರಾಯಿತು. ಇನ್ನು ಮೂವತ್ತೊಂದು ಅಂಗಿ.

ಮಾರ್ಚ್ 23

ಆಸ್ಪತ್ರೆ. ಎರಡನೇ ಸ್ಟ್ರೋಕ್. ಮೊನ್ನೆ ಮಲಗಿದವಳು ಸಂಜೆ ಕಾಫಿಗೆ ಏಳಲಿಲ್ಲ.

ಕಣ್ಣು ಬಿಡುತ್ತಾಳೆ, ನನ್ನನ್ನೇ ನೋಡುತ್ತಾಳೆ. ಮಾತು ಹೋಗಿದೆ. ಏನಮ್ಮ, ಏನು ಹೇಳಬೇಕಿತ್ತು ಅಂತ ಎಷ್ಟು ಸಲ ಕೇಳಿದೆನೋ. ಕಾರಿಡಾರಿನಲ್ಲಿ ಕೂತು ಗುಂಡಿ ಹಚ್ಚುತ್ತಿದ್ದೇನೆ. ಎಂಥ ಜನ್ಮ ನನ್ನದು.

ಏಪ್ರಿಲ್ 16

ಅಮ್ಮ ಹೋಗಿ ಎರಡು ವಾರ. ಬರೆಯಲು ಕೈ ಬಂದಿರಲಿಲ್ಲ.

ಉಳಿದ ಅಂಗಿಗಳನ್ನು ಮಾಸ್ಟರೇ ಕೂತು ಹೊಲಿದು, ತಮ್ಮ ತಲುಪಿಸಿ ಬಂದ. ಹಣ ಪೂರ್ತಿ ಬಂತು. ಅಲ್ಲಿನ ಪೇಷೆಂಟುಗಳಿಗೆ ಬಹಳ ಇಷ್ಟವಾಗಿದೆಯಂತೆ, ಇನ್ನೂ ಇನ್ನೂರು ಬೇಕಂತೆ.

ತಮ್ಮ ಕೇಳಿದ — "ಅಕ್ಕ, ಮಾತು ನಿಲ್ಲೋ ಮುಂಚೆ ಅಮ್ಮ ಏನಾದ್ರೂ ಹೇಳಿದ್ಲಾ?"

ಏನೂ ಇಲ್ಲ ಅಂದೆ. ಅವನು ನಂಬಿದ.

ಏಪ್ರಿಲ್ 26, ಬೆಳಿಗ್ಗೆ

ಮಾಸ್ಟರ್ ಬಂದು ಬೈದರು. ಆರ್ಡರ್ ಬಿಡಬೇಡ, ಆದರೆ ಹೊಸ ರೇಟು ಹೇಳು, ನಿನ್ನ ಕೂಲಿ ಸೇರಿಸದೆ ಕತ್ತರಿ ಮುಟ್ಟಬೇಡ ಅಂದರು. ಗಡಿಯಾರ ಎದುರಿಗೆ ಇಟ್ಟುಕೊಂಡು ಒಂದು ಅಂಗಿ ಹೊಲಿ, ಒಂದೊಂದು ಭಾಗಕ್ಕೂ ಎಷ್ಟು ಹೊತ್ತು ಬರೆದುಕೋ, ಆಮೇಲೆ ಹಣ ಎಷ್ಟು ಅಂತ ನೋಡೋಣ ಅಂದರು. ಸರಿಯಾದ ಮಾತೇ. ಮೊದಲೇ ಮಾಡಬೇಕಾಗಿದ್ದ ಕೆಲಸ.

ಕೂತೆ. ಒಂದು ತಿಂಗಳ ಮೇಲೆ ಮಿಷನ್ ಮುಟ್ಟಿದ್ದು. ಪಕ್ಕದ ಕೋಣೆಯಲ್ಲಿ ಸದ್ದಿಲ್ಲ.

ಭುಜ ಜೋಡಿಸುವುದು — ನಾಲ್ಕು ನಿಮಿಷ.
ಕಾಲರ್ — ಹನ್ನೊಂದು.
ಮುಂಭಾಗದ ಗುಂಡಿ ಪಟ್ಟಿ — ಒಂಬತ್ತು.
ತೋಳು ಒಂದಕ್ಕೆ — ಆರು.

ಗಡಿಯಾರ ತಪ್ಪಿರಬೇಕು ಅಂತ ಇನ್ನೊಂದು ತೋಳು ಹೊಲಿದು ನೋಡಿದೆ. ಆರೇ. ಅಮ್ಮ, ಅವತ್ತು ಆ ಒಂದು ತೋಳಿಗೆ ಆರು ನಿಮಿಷ ನಿನ್ನನ್ನ ನಾನು ಕಾಯಿಸಿ...